ಬ್ರೇಕ್ ಯಾರಿಗೆ ಬೇಕು?

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಹುಡುಗಿಯೊಬ್ಬಳು ಸೈಕಲ್ ಕಲಿತಳೆಂದರೆ ಮನೆಯ ಹಿರಿಯರಿಗೆಲ್ಲ ಒಮ್ಮೆಲೇ ಬ್ರೇಕಿನ ನೆನಪಾಗುತ್ತದೆ. ಎಷ್ಟು ದೂರ ಹೋದಾಳು, ಯಾರ ಮನೆಯ ಮುಂದೆ ಹಾದಾಳು, ಹೊತ್ತು ಮುಳುಗುವುದರೊಳಗೆ ಬಂದಾಳೋ ಇಲ್ಲವೋ ಎಂಬ ಚಿಂತೆಗಳಿಗೆಲ್ಲ ಅವರ ಬಳಿ ಒಂದೇ ಮದ್ದು: ‘ಹುಡುಗಿಗಿ ಸ್ವಲ್ಪ ಬ್ರೇಕ್ ಹಾಕ್ರಿ.’ ಅದೇ ಮನೆಯ ಅಂಗಳದಲ್ಲಿ ಗೋಡೆಗೆ ಒರಗಿಸಿಟ್ಟ ಅವಳ ಸೈಕಲ್ಲನ್ನು ಒಮ್ಮೆ ಹಿಡಿದು ನೋಡಿ. ಬ್ರೇಕಿನ ಹಿಡಿಕೆ ಒತ್ತಿದರೆ ಅದು ಹ್ಯಾಂಡಲ್ಲಿಗೇ ಹೋಗಿ ತಾಗುತ್ತದೆ, ಗಾಲಿ ಮಾತ್ರ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ. ಒಂದು ಕಡೆಯ ರಬ್ಬರ್ ಬಿದ್ದುಹೋಗಿ ಎಷ್ಟು ತಿಂಗಳಾಯಿತೋ ಯಾರಿಗೂ ಗೊತ್ತಿಲ್ಲ. ಹುಡುಗಿಗೆ ಬ್ರೇಕ್ ಹಾಕಲು ಮನೆ ತುಂಬ ಜನರಿದ್ದಾರೆ, ಅವಳ ಸೈಕಲ್ಲಿಗೆ ಹಾಕಿಸಲು ಒಬ್ಬರೂ ಇಲ್ಲ. ನನ್ನ ಜಗಳವಿರುವುದು ಇದರ ಮೇಲೆ.

ಇಷ್ಟು ಸಣ್ಣ ವಿಷಯಕ್ಕೆ ಜಗಳವೇ ಎಂದು ನಗುವವರಿದ್ದಾರೆ. ನಾನು ಮೇಷ್ಟ್ರಗಿತ್ತಿಯಾಗಿ ದುಡಿದವಳು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಶಾಲೆಯ ಗೇಟಿನಲ್ಲಿ ನಿಂತು, ಸೈಕಲ್ ಮೇಲೆ ಬರುವ ಹುಡುಗಿಯರು ಹೇಗೆ ನಿಲ್ಲುತ್ತಾರೆಂಬುದನ್ನು ವರ್ಷಗಟ್ಟಲೆ ನೋಡಿದ್ದೇನೆ. ಹತ್ತು ಮಾರು ದೂರದಲ್ಲೇ ಎರಡೂ ಕಾಲು ನೆಲಕ್ಕೆ ಬಿಟ್ಟು, ಚಪ್ಪಲಿ ಸವೆಸುತ್ತ, ‘ಸರೀರೀ, ಸರೀರೀ’ ಎಂದು ಕೂಗುತ್ತ ಬರುತ್ತಾರೆ. ಕೆಲವರು ಚಪ್ಪಲಿಯ ಅಟ್ಟೆಯನ್ನು ಮುಂದಿನ ಟಾಯರಿಗೇ ಒತ್ತುತ್ತಾರೆ. ಒಬ್ಬಳ ತಾಯಿಗೆ ಹೇಳಿ ಕಳಿಸಿದರೆ ಆಕೆ ಬಂದು, ‘ಬ್ರೇಕ್ ಕೆಟ್ಟು ಭಾಳ ದಿನ ಆಯ್ತ್ರಿ ಟೀಚರ್, ಕಾಲ್ ಊರ್ತಾಳ, ನಡೀತಾದ್ರಿ’ ಅಂದಳು. ಆ ತಾಯಿ ಕಲ್ಲುಮನಸ್ಸಿನವಳಲ್ಲ. ಮಗಳ ಜಡೆಗೆ ದಿನಾ ಎಣ್ಣೆ ಹಚ್ಚಿ ಹೆಣೆದು ಕಳಿಸುವವಳೇ. ಆದರೂ ‘ನಡೀತಾದ್ರಿ’ ಎನ್ನುವುದು ನಮಗೆ ಅಷ್ಟು ರೂಢಿಯಾಗಿದೆ.

ಯಾವ ರಸ್ತೆಯಲ್ಲಿ ನಡೆಯುತ್ತದೆ ಎಂಬುದನ್ನಾದರೂ ನೋಡಬೇಡವೇ? ನಮ್ಮದು ಸುಣ್ಣಕಲ್ಲಿನ ಸೀಮೆ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಿಂದ ಸಿಮೆಂಟಿನ ಬಲ್ಕರ್ ಲಾರಿಗಳು ಹಗಲು ರಾತ್ರಿ ಹೊರಡುತ್ತವೆ. ಶಹಾಬಾದಿನ ಗಣಿಗಳಿಂದ ಫರಸಿ ಕಲ್ಲು ಹೇರಿಕೊಂಡ ಲಾರಿಗಳು ಹೊಯ್ದಾಡುತ್ತ ಬರುತ್ತವೆ. ವಾಡಿ ದೊಡ್ಡ ರೈಲು ಜಂಕ್ಷನ್. ಗೇಟು ಬಿದ್ದರೆ ಲಾರಿ, ಜೀಪು, ಟಂಟಂಗಳ ನಡುವೆಯೇ ಸೈಕಲ್ಲೂ ತೂರಿ ನಿಲ್ಲಬೇಕು. ಕಾಗಿಣಾ ನದಿಯ ಕಡೆಗೆ ಇಳಿಯುವ ದಾರಿಯಲ್ಲಿ ಪೆಡಲ್ ತುಳಿಯದಿದ್ದರೂ ಸೈಕಲ್ ತಾನೇ ಓಡುತ್ತದೆ. ಚಿಂಚೋಳಿಯಾಚೆ ಚಂದ್ರಂಪಳ್ಳಿ ಕಡೆಯ ಏರಿಳಿವುಗಳನ್ನಂತೂ ಕೇಳಲೇಬೇಡಿ. ಇಂಥ ದಾರಿಯಲ್ಲಿ ಹಿಂದೆ ಕ್ಯಾರಿಯರ್ ಮೇಲೆ ತಂಗಿ, ಹೆಗಲಿಗೆ ಪುಸ್ತಕದ ಚೀಲ, ಕತ್ತಿನ ಸುತ್ತ ದುಪಟ್ಟಾ ಇಟ್ಟುಕೊಂಡು ಹದಿಮೂರು ವರ್ಷದ ಹುಡುಗಿ ಬರಿಗಾಲನ್ನೇ ಬ್ರೇಕ್ ಮಾಡಿಕೊಂಡು ಹೋಗುತ್ತಾಳೆ.

ಸೈಕಲ್ಲಿನ ಬ್ರೇಕ್ ದೊಡ್ಡ ವಿದ್ಯೆಯೇನೂ ಅಲ್ಲ. ಹಿಡಿಕೆ ಒತ್ತಿದರೆ ತಂತಿ ಎಳೆಯುತ್ತದೆ, ತಂತಿ ಎಳೆದರೆ ಎರಡು ತುಂಡು ರಬ್ಬರ್ ರಿಮ್ಮನ್ನು ಅಮುಕುತ್ತವೆ. ಹಳೆಯ ಸೈಕಲ್ಲುಗಳಲ್ಲಿ ತಂತಿಯ ಬದಲು ಕಬ್ಬಿಣದ ಕಡ್ಡಿ ಇರುತ್ತಿತ್ತು. ಆದರೆ ನಮ್ಮ ಬಿಸಿಲಿಗೆ ವರ್ಷದೊಳಗೆ ಆ ರಬ್ಬರ್ ಒಣಗಿ ಕಲ್ಲಾಗುತ್ತದೆ. ಸಿಮೆಂಟ್ ದೂಳು ಕೂತು ಅದನ್ನು ತೇಯುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಮಡಗಾರ್ಡಿನೊಳಗೆ ತುಂಬಿ ಮೆತ್ತಿಕೊಳ್ಳುತ್ತದೆ. ಅಗ್ಗದ ಸೈಕಲ್ಲಿನ ರಿಮ್ಮು ಹೊಳೆಯುವ ಉಕ್ಕಿನದು, ಅದು ಒದ್ದೆಯಾಯಿತೆಂದರೆ ಒಳ್ಳೆಯ ಬ್ರೇಕ್ ಕೂಡ ಜಾರಿ, ನಿಲ್ಲಲು ಬಹಳ ದೂರ ತೆಗೆದುಕೊಳ್ಳುತ್ತದೆ. ಹುಡುಗಿಯರಿಗೆ ಇನ್ನೊಂದು ಅರೆಬರೆ ಪಾಠ ಹೇಳಿಕೊಡುವವರಿದ್ದಾರೆ: ‘ಮುಂದಿನ ಬ್ರೇಕ್ ಮುಟ್ಟಬ್ಯಾಡ, ಮುಗ್ಗರಿಸಿ ಬೀಳ್ತೀ.’ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರುವುದು ಆ ಮುಂದಿನ ಬ್ರೇಕಿನಲ್ಲೇ. ಒಮ್ಮೆಲೇ ಹಿಚುಕಬಾರದು, ಎರಡನ್ನೂ ಕೂಡಿಸಿ ಮೆಲ್ಲಗೆ ಒತ್ತಬೇಕು, ಅಷ್ಟೆ. ಎರಡೂ ಗಾಲಿಗೆ ಹೊಸ ರಬ್ಬರ್, ಹೊಸ ತಂತಿ ಹಾಕಿಸಲು ಆಗುವ ಖರ್ಚು ಒಂದು ಕಿಲೋ ತೊಗರಿಬೇಳೆಯ ಬೆಲೆ ದಾಟುವುದಿಲ್ಲ. ತೊಗರಿಯ ನಾಡಿನವರು ನಾವು, ಅಷ್ಟು ಲೆಕ್ಕ ನಮಗೆ ಬರಬೇಕು.

ಇನ್ನು ಹುಡುಗರ ಕಥೆ. ಅವರ ಸೈಕಲ್ಲಿಗೂ ಬ್ರೇಕ್ ಇಲ್ಲ, ಆದರೆ ಅದರ ಕಾರಣವೇ ಬೇರೆ. ಅದು ಕೆಟ್ಟದ್ದಲ್ಲ, ಕಿತ್ತದ್ದು. ಚಿಕ್ಕ ಗಾಲಿಯ, ದಪ್ಪ ಟಾಯರಿನ ಬಿ.ಎಂ.ಎಕ್ಸ್. ಮಾದರಿಯ ಸೈಕಲ್ಲನ್ನು ಹಟ ಹಿಡಿದು ಕೊಡಿಸಿಕೊಂಡು, ತಿಂಗಳೊಳಗೆ ಅದರ ಮಡಗಾರ್ಡು, ಬ್ರೇಕು ಎಲ್ಲ ಬಿಚ್ಚಿ ಹಾಕಿ, ಮುಂದಿನ ಗಾಲಿ ಎತ್ತಿ ಓಡಿಸುತ್ತಾರೆ. ಫೋನಿನಲ್ಲಿ ಹೊರದೇಶದ ಹುಡುಗರು ಹಾಗೆ ಮಾಡುವುದನ್ನು ನೋಡಿರುತ್ತಾರೆ. ತಾಯಿ ಬಾಗಿಲಲ್ಲಿ ನಿಂತು ಪಕ್ಕದ ಮನೆಯವಳಿಗೆ, ‘ನೋಡಿದಿ ಏನ ಯಕ್ಕಾ, ಬ್ರೇಕ್ ಇಲ್ದೇ ಹ್ಯಾಂಗ ಹೊಡೀತಾನ ನಮ್ಮ ಹುಡುಗ’ ಎಂದು ತೋರಿಸುತ್ತಾಳೆ. ಹುಡುಗನ ಸೈಕಲ್ಲಿಗೆ ಬ್ರೇಕ್ ಇಲ್ಲದಿದ್ದರೆ ಅದು ಗಂಡೆದೆ. ಮಗಳ ಸೈಕಲ್ಲಿಗೆ ಇಲ್ಲದಿದ್ದರೆ ಯಾರ ಕಣ್ಣಿಗೂ ಬೀಳದ ಸಂಗತಿ. ಮತ್ತೆ ಬಿದ್ದಾಗ ನೋಡಿ. ಅವನು ಬಿದ್ದರೆ ಮೊಣಕಾಲಿಗೆ ಅರಿಷಿಣ ಹಚ್ಚಿ ಮರುದಿನ ಬಿಡುತ್ತಾರೆ. ಅವಳು ಬಿದ್ದರೆ ಸೈಕಲ್ಲೇ ಬಂದ್, ಕೆಲವು ಮನೆಗಳಲ್ಲಿ ಶಾಲೆಯೂ ಬಂದ್. ‘ನಾವು ಮೊದಲೇ ಹೇಳಿದ್ದಿಲ್ಲೇನು’ ಎಂಬ ಮಾತು ತುದಿನಾಲಿಗೆಯಲ್ಲೇ ಕಾದಿರುತ್ತದೆ. ಬಿದ್ದದ್ದು ಎರಡು ತುಂಡು ರಬ್ಬರಿನ ಕೊರತೆಯಿಂದ, ತೀರ್ಪು ಆಗುವುದು ಮಾತ್ರ ಹೆಣ್ಣುಜಾತಿಯ ಮೇಲೆ.

ಬ್ರೇಕ್ ಕಿತ್ತವರ ಶೌರ್ಯವನ್ನೂ ಸ್ವಲ್ಪ ಬಿಡಿಸಿ ನೋಡೋಣ. ಬಿ.ಎಂ.ಎಕ್ಸ್. ಹುಟ್ಟಿದ್ದು 1970ರ ಸುಮಾರಿಗೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ದೊಡ್ಡವರು ಮಣ್ಣಿನ ದಿಬ್ಬಗಳ ಮೇಲೆ ಮೋಟರ್‌ಸೈಕಲ್ ಓಡಿಸುವುದನ್ನು ಕಂಡ ಮಕ್ಕಳು ತಮ್ಮ ಸಣ್ಣ ಸೈಕಲ್ಲುಗಳಲ್ಲಿ ಅದನ್ನೇ ಮಾಡಿದರು. ಅಲ್ಲಿ ಕಸರತ್ತು ಮಾಡುವವರಲ್ಲಿ ಹಲವರು ಬ್ರೇಕ್ ತೆಗೆಯುವುದು ನಿಜ. ಗಾಳಿಯಲ್ಲಿ ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸುವಾಗ ತಂತಿ ಸುತ್ತಿಕೊಳ್ಳಬಾರದೆಂಬುದು ಅವರ ಒಂದು ಕಾರಣ. ಅವರ ಆಟದ ಬಯಲಿನಲ್ಲಿ ಬಲ್ಕರ್ ಲಾರಿ ಬರುವುದಿಲ್ಲ, ತಲೆಗೆ ಹೆಲ್ಮೆಟ್ ಇರುತ್ತದೆ. ಅದೇ ಬಿ.ಎಂ.ಎಕ್ಸ್. ಓಟದ ಸ್ಪರ್ಧೆಗೆ ಇಳಿಯಬೇಕಾದರೆ ಹಿಂದಿನ ಗಾಲಿಗೆ ಬ್ರೇಕ್ ಇರಲೇಬೇಕೆಂದು ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯ ನಿಯಮವಿದೆ. ಬ್ರೇಕೇ ಇಲ್ಲದ ಇನ್ನೊಂದು ಜಾತಿಯ ಸೈಕಲ್ ಉಂಟು, ವೆಲೋಡ್ರೋಮಿನ ದುಂಡನೆಯ ಹಾದಿಯಲ್ಲಿ ಓಡಿಸುವಂಥದು. ವಿಜಯಪುರ, ಬಾಗಲಕೋಟೆ ಕಡೆಯಿಂದ ಅಂಥ ಪಂದ್ಯಗಳಿಗೆ ಹೋದ ಸೈಕಲ್‌ಪಟುಗಳು ಹಲವರು. ಆ ಸೈಕಲ್ಲಿನಲ್ಲಿ ಪೆಡಲೂ ಗಾಲಿಯೂ ಒಂದಕ್ಕೊಂದು ಬಿಗಿದಿರುವುದರಿಂದ ಕಾಲಿನಿಂದಲೇ ವೇಗ ತಗ್ಗಿಸಬಹುದು. ನಮ್ಮ ಓಣಿಯ ಸೈಕಲ್ಲಿನಲ್ಲಿ ಫ್ರೀವೀಲ್ ಇದೆ. ಪೆಡಲ್ ನಿಲ್ಲಿಸಿದರೂ ಗಾಲಿ ನಿಲ್ಲುವುದಿಲ್ಲ. ಕಲಬುರಗಿ ರಸ್ತೆಯಲ್ಲಿ ಅದರ ಬ್ರೇಕ್ ಕಿತ್ತವನು ಶೂರನಲ್ಲ. ಎದುರಿನ ಲಾರಿಯ ಚಾಲಕ ಬ್ರೇಕ್ ಹಾಕಿಯಾನೆಂಬ ನಂಬಿಕೆಯ ಮೇಲೆ ಬದುಕುತ್ತಿರುವವನು.

ಇದೇ ಆಟದಲ್ಲಿ ಹೆಣ್ಣುಮಗಳೊಬ್ಬಳ ಕಥೆಯೂ ಇದೆ, ನಮ್ಮ ತಾಯಂದಿರು ಕೇಳಬೇಕಾದದ್ದು. ಇಂಗ್ಲೆಂಡಿನ ಬೆಥನಿ ಶ್ರೀವರ್ ಬಿ.ಎಂ.ಎಕ್ಸ್. ಓಟಗಾರ್ತಿ. 2017ರಲ್ಲಿ ಅಲ್ಲಿನ ಕ್ರೀಡಾ ಧನಸಹಾಯ ಸಂಸ್ಥೆ ಈ ಆಟದಲ್ಲಿ ಗಂಡಸರಿಗೆ ಮಾತ್ರ ಹಣ ಕೊಡುವುದೆಂದು ತೀರ್ಮಾನಿಸಿತು. ಆಕೆ ಶಾಲೆಯಲ್ಲಿ ಸಹಾಯಕ ಶಿಕ್ಷಕಿಯಾಗಿ ದುಡಿಯುತ್ತ, ಜನರಿಂದ ವಂತಿಗೆ ಎತ್ತಿ ಅಭ್ಯಾಸ ನಡೆಸಿದಳು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಳು. ಅಷ್ಟು ಮುಂದುವರಿದ ದೇಶದಲ್ಲೂ ದುಡ್ಡು ಹಂಚುವಾಗ ಹುಡುಗನ ಸೈಕಲ್ಲೇ ಮೊದಲು ನೆನಪಾಗುತ್ತದೆ ಎಂದರೆ ನಮ್ಮಲ್ಲಿ ಅಂಗಳದ ಸೈಕಲ್ಲನ್ನು ಯಾರೂ ನೋಡದಿರುವುದು ಆಶ್ಚರ್ಯವಲ್ಲ. ನೂರಿಪ್ಪತ್ತೈದು ವರ್ಷಗಳ ಹಿಂದೆ ಅದೇ ಇಂಗ್ಲೆಂಡಿನಲ್ಲಿ, ಸೈಕಲ್ ತುಳಿದ ಹೆಂಗಸಿನ ಮುಖ ಬಿಗಿದುಕೊಂಡು ವಿಕಾರವಾಗುತ್ತದೆ ಎಂದು ಹೆದರಿಸುವ ಡಾಕ್ಟರುಗಳೂ ಇದ್ದರು! ಬ್ರೇಕ್ ಹಾಕುವ ಚಟ ನಮ್ಮ ಹಿರಿಯರದಷ್ಟೇ ಅಲ್ಲ.

ಸೈಕಲ್ ಬಂದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಸಾಕಷ್ಟಿದೆ. ತಮಿಳುನಾಡಿನ ಪುದುಕ್ಕೋಟೈ ಕೂಡ ಕಲ್ಲುಗಣಿಗಳ ಬಡ ಜಿಲ್ಲೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಸಾಕ್ಷರತಾ ಆಂದೋಲನದ ಜೊತೆಗೆ, ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಒತ್ತಾಸೆಯಿಂದ ಹೆಂಗಸರಿಗೆ ಸೈಕಲ್ ಕಲಿಸಿದರು, ಕೊಳ್ಳಲು ಸಾಲ ಕೊಡಿಸಿದರು. ಕೂಲಿಯವರು, ಗಣಿಯಲ್ಲಿ ಕಲ್ಲು ಒಡೆಯುವವರು, ನರ್ಸ್‌ಬಾಯಿಯರು ಸಾವಿರಗಟ್ಟಲೆ ಸೈಕಲ್ ಏರಿದರು. ಬಿಹಾರದಲ್ಲಿ 2006ರಿಂದ 9ನೇ ತರಗತಿಯ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಟ್ಟರು. ಕಾರ್ತಿಕ್ ಮುರಳೀಧರನ್, ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ ಶೇ. 32ರಷ್ಟು ಏರಿತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚು ಲಾಭ. ನಮ್ಮ ಕರ್ನಾಟಕವೂ 2006-07ರಲ್ಲಿ 8ನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ ಕೊಡತೊಡಗಿತು, ಮರುವರ್ಷ ಗಂಡುಮಕ್ಕಳಿಗೂ ವಿಸ್ತರಿಸಿತು. ಅದುವರೆಗೆ ‘ಏಳನೇತ್ತ ಆಯ್ತು, ಇನ್ನ ಸಾಕು’ ಎನ್ನುತ್ತಿದ್ದ ಮನೆಗಳಿಂದ ಹುಡುಗಿಯರು ಹೈಸ್ಕೂಲಿಗೆ ಬಂದದ್ದನ್ನು ನಾನು ಹಾಜರಿ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದಿದ್ದೇನೆ. ಆ ಯೋಜನೆಯ ಬಗ್ಗೆ ನನಗೆ ಗೌರವವಿದೆ. ಇರುವುದರಿಂದಲೇ ಸಿಟ್ಟೂ ಇದೆ.

ಸಿಟ್ಟು ಯಾತಕ್ಕೆಂದರೆ, ನಾನು ಕಂಡ ಒಂದು ಶಾಲೆಯ ವಿತರಣಾ ಸಮಾರಂಭದಲ್ಲಿ ಪೆಂಡಾಲು, ಹಾರ, ಭಾಷಣ, ಫೋಟೋ ಎಲ್ಲ ಇತ್ತು. ಸಾಲಾಗಿ ನಿಲ್ಲಿಸಿದ ಹೊಸ ಸೈಕಲ್ಲುಗಳಿಗೆ ಕುಂಕುಮ ಹಚ್ಚಿದ್ದರು. ಅತಿಥಿಗಳ ಕಾರು ಹೊರಟ ಮೇಲೆ ಮಕ್ಕಳು ಸೈಕಲ್ ಏರಿದರೆ ಒಬ್ಬಳ ಹ್ಯಾಂಡಲ್ ಸಡಿಲ, ಇನ್ನೊಬ್ಬಳ ಬ್ರೇಕಿನ ರಬ್ಬರ್ ರಿಮ್ಮಿಗೆ ತಾಗುತ್ತಲೇ ಇಲ್ಲ. ಬಿಡಿಭಾಗಗಳಾಗಿ ಬಂದದ್ದನ್ನು ಸಮಾರಂಭದ ದಿನಕ್ಕೆ ಮುಗಿಸಬೇಕೆಂಬ ಅವಸರದಲ್ಲಿ ಜೋಡಿಸಿದ್ದರು. ಮನೆಗೆ ಹೋಗುವ ದಾರಿಯಲ್ಲೇ ಪಂಕ್ಚರ್ ಅಂಗಡಿಯವನಿಗೆ ದುಡ್ಡು ಕೊಟ್ಟು ಬಿಗಿಸಿಕೊಂಡವರು ಜಾಣರು. ಕುಂಕುಮಕ್ಕೆ ಸಮಯವಿತ್ತು, ಪಾನಾ ಹಿಡಿದು ಒಂದು ಸುತ್ತು ತಿರುವಲು ಇರಲಿಲ್ಲ. ಸೈಕಲ್ ಮೋಟಾರು ವಾಹನವಲ್ಲ. ಲಾರಿ, ಬಸ್ಸುಗಳಂತೆ ಅದಕ್ಕೆ ಆರ್.ಟಿ.ಒ. ಕಚೇರಿಯ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿಲ್ಲ. ಹಾಗಾಗಿ ಕೊಡುವವರು ನೋಡದಿದ್ದರೆ ನೋಡುವವರು ಮತ್ಯಾರೂ ಇಲ್ಲ. 2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ಈ ಯೋಜನೆಯೂ ನಿಂತಿತು. ಶಾಲೆಯ ಬಾಗಿಲು ತೆರೆದಾಗ ಸೈಕಲ್ ಬರಲಿಲ್ಲ. ಮತ್ತೆ ಕೊಡಿ ಎಂದು ಕೇಳುವಾಗ ನಾವು ಬ್ರೇಕಿನ ಸಮೇತ ಕೊಡಿ ಎಂದು ಕೇಳಬೇಕು. ತಾಲೂಕಿಗೆ ಒಬ್ಬ ಸೈಕಲ್ ಮಿಸ್ತ್ರಿ ವರ್ಷಕ್ಕೆರಡು ಸಲ ಶಾಲೆಗೆ ಬಂದು ನೋಡಿ ಹೋಗುವುದಕ್ಕೆ ಎಷ್ಟು ಖರ್ಚಾದೀತು?

‘ಈಗ ಬಸ್ ಫ್ರೀ ಅದ, ಸೈಕಲ್ ಯಾಕ ಬೇಕು’ ಎನ್ನುವವರಿಗೆ ಒಂದು ಮಾತು. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ, ಬಹಳ ಒಳ್ಳೆಯದಾಯಿತು, ನಾನೂ ಅದರಲ್ಲೇ ತಿರುಗಾಡುತ್ತೇನೆ. ಆದರೆ ಬಸ್ಸು ತನ್ನ ವೇಳೆಗೆ ಬರುತ್ತದೆ, ತನಗೆ ಬೇಕಾದಲ್ಲಿ ನಿಲ್ಲುತ್ತದೆ. ತಾಂಡಾದಿಂದ ರಸ್ತೆಗೆ ಬರುವ ಮೂರು ಕಿಲೋಮೀಟರ್ ದಾರಿಗೆ ಯಾವ ಬಸ್ಸೂ ಇಲ್ಲ. ಸ್ಪೆಶಲ್ ಕ್ಲಾಸ್ ಮುಗಿದು ಸಂಜೆ ಹೊರಬಿದ್ದ ಹುಡುಗಿಗೆ ಬೇಕಾದದ್ದು ಆ ಕ್ಷಣ ತಾನೇ ಏರಿ ಹೊರಡಬಹುದಾದ ಗಾಡಿ. ಮತ್ತೆ ಕೆಲವರು ಹೇಳುತ್ತಾರೆ, ರಸ್ತೆ ಅಷ್ಟು ಅಪಾಯವಾದರೆ ಹುಡುಗಿಯರು ಸೈಕಲ್ ಬಿಡಲಿ ಎಂದು. ನೋಡಿ, ಮತ್ತೆ ಅವಳಿಗೇ ಬ್ರೇಕ್! ನಿಲ್ಲಿಸುವುದು ಕೈಯಲ್ಲಿದೆ ಎಂದು ಗೊತ್ತಿದ್ದವಳು ಇಳಿಜಾರಿಗೆ ಹೆದರುವುದಿಲ್ಲ. ಇಳಿಜಾರಿಗೆ ಹೆದರದವಳು ಕಾಗಿಣೆ ದಾಟಿ ಕಾಲೇಜಿಗೂ ಹೋಗುತ್ತಾಳೆ. ಬ್ರೇಕ್ ಇರುವುದು ದೂರ ಹೋಗುವವರಿಗೆ, ಅಂಗಳದಲ್ಲೇ ಸುತ್ತುವವರಿಗೆ ಅದರ ಅಗತ್ಯವಿಲ್ಲ.

‘ಅದೆಲ್ಲ ಗಂಡಸರ ಕೆಲಸ’ ಎಂದು ಮಾತ್ರ ಯಾರೂ ಹೇಳಬೇಡಿ. ಹೊಲಿಗೆ ಮಶಿನ್ನಿನ ದಾರ ಹರಿಯುತ್ತಿದ್ದರೆ ತಿರುಪು ಸರಿಮಾಡುವ, ಕುಕ್ಕರಿನ ಗ್ಯಾಸ್ಕೆಟ್ ಸವೆದರೆ ತಾನೇ ಪೇಟೆಗೆ ಹೋಗಿ ತರುವ, ಒಂದು ಹೆಚ್ಚು ಸೀಟಿಯಾದರೆ ಪಡಸಾಲೆಯಿಂದಲೇ ಎದ್ದು ಓಡುವ ಕೈಗಳಿಗೆ ಸೈಕಲ್ಲಿನ ಬ್ರೇಕ್ ದೊಡ್ಡದಲ್ಲ. ಬರುವ ರವಿವಾರ ಮಗಳ ಸೈಕಲ್ ತಲೆಕೆಳಗೆ ಮಾಡಿ ನಿಲ್ಲಿಸಿ. ಗಾಲಿ ತಿರುವಿ, ಹಿಡಿಕೆ ಒತ್ತಿ ನೋಡಿ. ಪೂರ್ತಿ ಒತ್ತಿದಾಗಲೂ ಹಿಡಿಕೆಗೂ ಹ್ಯಾಂಡಲ್ಲಿಗೂ ನಡುವೆ ಎರಡು ಬೆರಳು ಜಾಗ ಉಳಿಯಬೇಕು. ಉಳಿಯದಿದ್ದರೆ ತಂತಿಯ ಬುಡದಲ್ಲಿರುವ ಸಣ್ಣ ತಿರುಪನ್ನು ಎರಡು ಸುತ್ತು ತಿರುವಿ, ತಂತಿ ಬಿಗಿಯಾಗುತ್ತದೆ. ರಬ್ಬರಿನ ಮೇಲಿನ ಗೀರುಗಳು ಅಳಿಸಿಹೋಗಿದ್ದರೆ ಹೊಸದು ಹಾಕಿಸಿ. ರಬ್ಬರ್ ಟಾಯರಿಗೆ ತಾಗಕೂಡದು, ರಿಮ್ಮಿಗಷ್ಟೇ ತಾಗಬೇಕು. ರಿಮ್ಮಿಗೆ ಎಣ್ಣೆ ಹತ್ತಿದ್ದರೆ ಒಣಬಟ್ಟೆಯಿಂದ ಒರೆಸಿ. ಇದನ್ನೆಲ್ಲ ಮಾಡುವಾಗ ಮಗಳನ್ನು ಪಕ್ಕದಲ್ಲೇ ಕೂಡಿಸಿಕೊಳ್ಳಿ, ಪಾನಾ ಅವಳ ಕೈಯಲ್ಲಿರಲಿ. ಮಗನನ್ನೂ ಕರೆಯಿರಿ. ಕಿತ್ತು ಅಟ್ಟದ ಮೇಲೆ ಎಸೆದಿರುವ ಬ್ರೇಕನ್ನು ಇಳಿಸಿ ತಂದು, ಅವನ ಕೈಯಿಂದಲೇ ತಿರುಗಿ ಹಾಕಿಸಿ.