ಕೋಯಂಬೇಡಿನ ನೆಲವೂ ನಡಿಗೆಯ ಆರೋಗ್ಯವೂ

ದಕ್ಷಿಣದ ಜಿಲ್ಲೆಗಳಿಗೆ ಹೊರಡುವ ದೂರಪ್ರಯಾಣದ ಬಸ್ಸುಗಳು, 2023ರ ಡಿಸೆಂಬರ್ 30ರಂದು ಉದ್ಘಾಟಿತವಾದ ಕಿಲಾಂಬಾಕ್ಕಂ ನಿಲ್ದಾಣಕ್ಕೆ ಸ್ಥಳಾಂತರಗೊಂಡ ತರುವಾಯ, ಚೆನ್ನೈಯ ಕೋಯಂಬೇಡು ಬಸ್ ನಿಲ್ದಾಣದಲ್ಲಿ ತೆರವಾಗುವ ನೆಲ ವಾಣಿಜ್ಯ ಸಂಕೀರ್ಣಕ್ಕೆ ಸಲ್ಲಬೇಕೋ ಉದ್ಯಾನಕ್ಕೋ ಎಂಬ ಚರ್ಚೆ ಎದ್ದಿದೆ. ಇದನ್ನು ಭೂಮಿಯ ಬೆಲೆಯಿಂದಷ್ಟೇ ತೂಗುವುದು ಸಲ್ಲದು; ಸುತ್ತಲಿನ ಜನರ ಆರೋಗ್ಯವೂ ಲೆಕ್ಕಕ್ಕೆ ಬರಬೇಕು. ಮಧುಮೇಹ, ಹೃದ್ರೋಗಗಳ ಬೇರಿನಲ್ಲಿ ವರ್ಷಾನುವರ್ಷ ಬೂದಿ ಮುಚ್ಚಿದ ಕೆಂಡದಂತಿರುವ ಮಂದ ಉರಿಯೂತವನ್ನು ತಗ್ಗಿಸುವ ಸಾಧನಗಳಲ್ಲಿ ನಿಯತವಾದ ವ್ಯಾಯಾಮವು ಅತ್ಯಂತ ಸುಲಭವಾದುದು: ದುಡಿಯುವ ಸ್ನಾಯು ರಕ್ತಕ್ಕೆ ಬಿಡುವ ಇಂಟರ್‌ಲ್ಯೂಕಿನ್-6, ಉರಿಯೂತವನ್ನು ಶಮನಗೊಳಿಸುವ ಇಂಟರ್‌ಲ್ಯೂಕಿನ್-10ನ್ನು ಪ್ರಚೋದಿಸುತ್ತದೆ, ಕಾಲಕ್ರಮದಲ್ಲಿ ಹೊಟ್ಟೆಯೊಳಗಿನ ಕೊಬ್ಬು ಕರಗಿ, ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನ್ ಕೂಡ ಇಳಿಯುತ್ತದೆ. ಅಭ್ಯಾಸವಿಲ್ಲದವರು ಒಮ್ಮೆಲೇ ಅತಿಯಾಗಿ ಶ್ರಮಿಸಿದರೆ ಉರಿಯೂತ ಕೆಲಕಾಲ ಹೆಚ್ಚುವುದೂ ಉಂಟು. ಆದಕಾರಣ ಫಲವಿರುವುದು ನಿತ್ಯದ ಮಿತವಾದ ಕ್ರಮದಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ವಿಧಿಸಿದೆ. ಆದರೆ ನಡುರಾತ್ರಿ ಲಾರಿಗಳಿಂದ ಈರುಳ್ಳಿಯ ಮೂಟೆ ಇಳಿಯುವ, 1996ರಿಂದ ನಡೆದುಬಂದ ಕೋಯಂಬೇಡಿನ ಸಗಟು ಮಾರುಕಟ್ಟೆಯಲ್ಲಿ ಗಂಟೆಗಟ್ಟಲೆ ತಕ್ಕಡಿಯ ಮುಂದೆ ಕುಳಿತಿರುವ ವ್ಯಾಪಾರಿ, ವಾಹನಗಳ ಹೊಗೆಯ ನಡುವೆ ಅದನ್ನು ಪೂರೈಸುವುದೆಲ್ಲಿ? ಹತ್ತಿರದಲ್ಲಿ ನೆರಳುಳ್ಳ ಹಾದಿಯಿಲ್ಲದೆ ವೈದ್ಯರ ಹಿತವಚನವು ನಿಷ್ಫಲ. ತೆರವಾಗುವ ನೆಲದ ಬಹುಭಾಗವನ್ನು ಮರಗಳುಳ್ಳ, ಪ್ರವೇಶಶುಲ್ಕವಿಲ್ಲದ, ಮಾರುಕಟ್ಟೆಯ ಶ್ರಮಿಕರ ವೇಳೆಗೂ ತೆರೆದಿರುವ ನಡಿಗೆಯ ಬಯಲಾಗಿ ತಮಿಳುನಾಡು ಸರ್ಕಾರವು ಮೀಸಲಿಡಬೇಕೆಂಬುದೇ ನಮ್ಮ ಅಭಿಪ್ರಾಯ.