ಗುಜರಿಗೆ ಹಾಕುವ ಮುನ್ನ ಒಂದು ಪೆನ್‌ಡ್ರೈವ್

ತೆಂಗಿನ ಸೀಮೆಯಲ್ಲಿ ಯಾವುದೂ ವ್ಯರ್ಥವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಕೊಬ್ಬರಿ ಮಂಡಿಗೆ ಹೋದ ಮೇಲೂ ಚಿಪ್ಪು ಇದ್ದಿಲಾಗುತ್ತದೆ, ನಾರು ಹಗ್ಗವಾಗುತ್ತದೆ, ಗರಿಕಡ್ಡಿ ಪೊರಕೆಯಾಗುತ್ತದೆ. ಮಲೆನಾಡಿನ ನಾವಾದರೂ ಅಡಿಕೆ ಹಾಳೆಯನ್ನು ಊಟದ ತಟ್ಟೆಯಾಗಿಸಿಕೊಂಡವರು. ಇಂಥ ವಿವೇಕ ಕಂಪ್ಯೂಟರಿನ ಬಳಿಗೆ ಬಂದಾಗ ಏಕೆ ಸೋಲಬೇಕು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಇರಬೇಕು. ಇವಿಲ್ಲದ ಸುಮಾರು 24 ಕೋಟಿ ಕಂಪ್ಯೂಟರುಗಳು ಜಗತ್ತಿನಾದ್ಯಂತ ಗುಜರಿಯ ದಾರಿ ಹಿಡಿಯಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು. ಯಂತ್ರ ಕೆಟ್ಟಿಲ್ಲ, ಅದರೊಳಗಿನ ತಂತ್ರಾಂಶದ ಅವಧಿ ಮುಗಿದಿದೆ, ಅಷ್ಟೆ. ಆದರೆ ಗುಜರಿಯಲ್ಲಿ ತಾಮ್ರಕ್ಕಾಗಿ ವೈರು ಸುಟ್ಟಾಗ ಏಳುವ ವಿಷದ ಹೊಗೆ, ಬೆಸುಗೆಯಿಂದ ಮಣ್ಣಿಗಿಳಿಯುವ ಸೀಸ ಮಾತ್ರ ನಿಜವಾದವು. ಇ-ತ್ಯಾಜ್ಯದ ಹೋರಾಟ ಮರುಬಳಕೆಯ ಕಾರ್ಖಾನೆಯಲ್ಲಲ್ಲ, ನಮ್ಮ ಮೇಜಿನ ಮೇಲೆಯೇ ಆರಂಭವಾಗಬೇಕು.

ಅದಕ್ಕೆ ಬೇಕಾದುದು 8 ಜಿಬಿಯ ಒಂದು ಪೆನ್‌ಡ್ರೈವ್. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಗೆ 2 ಜಿಬಿ ರ‍್ಯಾಮ್ ಸಾಕು. 4 ಜಿಬಿ ಇದ್ದರೆ ಒಳಿತು. ಅದರ ಐಎಸ್ಒ ಕಡತವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಅದನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಕಂಪ್ಯೂಟರ್ ಅದರಿಂದ ಆರಂಭವಾಗದು. ರೂಫಸ್ ಅಥವಾ ಎಚರ್‌ನಂಥ ತಂತ್ರಾಂಶದಿಂದ ಬರೆಯಬೇಕು. ಆಗ ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿಯುತ್ತದೆ. ಬಳಿಕ ಕಂಪ್ಯೂಟರ್ ಆರಂಭಿಸುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನು (ಕಂಪನಿಗೊಂದು ಬಗೆ) ಒತ್ತಿ ಪೆನ್‌ಡ್ರೈವನ್ನು ಆರಿಸಬೇಕು. ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ಹೊಸ ವ್ಯವಸ್ಥೆಯನ್ನು ಬಳಸಿ ನೋಡಬಹುದು. ವೈಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ, ಫೋಟೊ, ಪಹಣಿ, ಅಂಕಪಟ್ಟಿಗಳ ಪ್ರತಿಯನ್ನು ಬೇರೆಡೆ ಇಟ್ಟ ನಂತರವೇ ಅಳವಡಿಕೆಗೆ ಕೈಹಾಕಬೇಕು. ನಡುವೆ ಕರೆಂಟು ಹೋಗದ ಹೊತ್ತನ್ನೂ ನೋಡಿಕೊಳ್ಳಬೇಕು.

"ಹಳ್ಳಿಯವರಿಗೆ ಇದು ಆದೀತೇ?" ಎನ್ನುವವರು ನೆರೆಯ ಕಾಸರಗೋಡಿನತ್ತ ನೋಡಲಿ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಒಯ್ದಿತು. 2017ರಿಂದ ಅದು ಕೈಟ್ ಎಂಬ ಸಂಸ್ಥೆಯಾಗಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಲಿನಕ್ಸಿನಲ್ಲೇ.

ತೊಡಕುಗಳಿಲ್ಲವೆಂದಲ್ಲ. ವಿಂಡೋಸಿಗಾಗಿಯೇ ಸಿದ್ಧವಾದ ಕೆಲವು ಲೆಕ್ಕಪತ್ರ ತಂತ್ರಾಂಶಗಳು ಲಿನಕ್ಸಿನಲ್ಲಿ ನಡೆಯವು. ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಆದರೆ ಪತ್ರ ಬರೆಯಲು, ಪಾಠ ಓದಲು, ಕೊಬ್ಬರಿ ಧಾರಣೆ ನೋಡಲು, ಅರ್ಜಿ ತುಂಬಲು ಹಳೆಯ ಯಂತ್ರ ಧಾರಾಳವಾಗಿ ಸಾಕು.

ಹೊನ್ನವಳ್ಳಿಯಂಥ ಪ್ರತಿ ಹೋಬಳಿ ಕೇಂದ್ರದ ಗ್ರಂಥಾಲಯದಲ್ಲೂ ಇಂಥ ಎರಡು ಪೆನ್‌ಡ್ರೈವ್‌ಗಳು ಎರವಲಿಗೆ ಸಿಗಬೇಕು. ಬಳಸುವ ವಿಧಾನವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಅದರೊಡನಿರಬೇಕು. ವಿದ್ಯಾರ್ಥಿ ಮಿತ್ರರು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ. ಒಂದು ಕಂಪ್ಯೂಟರ್ ಇನ್ನೈದು ವರ್ಷ ಬಾಳಿದರೆ, ಆ ಐದು ವರ್ಷ ಅದರ ಬದಲಿಗೆ ಮತ್ತೊಂದಕ್ಕಾಗಿ ಎಲ್ಲೋ ಒಂದು ಬೆಟ್ಟವನ್ನು ಅಗೆಯಬೇಕಿಲ್ಲ.