ಎರಡು ದವಡೆಗಳ ಪರವಾಗಿ



ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳ ನಡುವೆ ಒಂದು ತಿಂಗಳಿನಿಂದ ವಾಗ್ವಾದ ನಡೆದಿದೆ. ಒಬ್ಬನು ಅಮೆರಿಕದಲ್ಲಿ ನೆಲೆಸಿ, ಮನೆಯ ಗ್ಯಾರೇಜಿನಲ್ಲಿ ಪುಟ್ಟ ಲೇತೊಂದನ್ನು ಇಟ್ಟುಕೊಂಡು, ಬಿಡುವಿನ ದಿನಗಳಲ್ಲಿ ಹೊಗೆಸೊಪ್ಪಿನ ಪೈಪುಗಳನ್ನು ಕಡೆಯುವವನು. ಇನ್ನೊಬ್ಬನು ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯ ಒಡೆಯ. ಮೊದಲನೆಯವನ ಲೇತಿನಿಂದ ಮರದ ತುಂಡೊಂದು ಚಿಮ್ಮಿ ಅವನ ಮುಖಗವಸಿಗೆ ಬಡಿಯಿತು. ಗವಸು ಸೀಳಿತು, ಮುಖ ಉಳಿಯಿತು. ಒಂಬತ್ತು ವರ್ಷದ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳಂತೆ. ಇದನ್ನು ಕೇಳಿದ ಪೀಣ್ಯದವನು ಹೇಳಿದ್ದು ಒಂದೇ ಮಾತು: "ಚಕ್ ಸರಿಯಾಗಿ ಬಿಗಿ ಮಾಡಿಲ್ಲ, ಅಷ್ಟೇ." ನನ್ನ ಆಕ್ಷೇಪವಿರುವುದು ಈ 'ಅಷ್ಟೇ' ಎಂಬ ಪದಕ್ಕೆ. ಇಬ್ಬರೂ ನನ್ನನ್ನು ಮಧ್ಯಸ್ಥಿಕೆಗೆ ಕರೆದರು. ನಾನು ಮಧ್ಯಸ್ಥನಾಗಲು ಒಲ್ಲೆ, ಏಕೆಂದರೆ ನಾನು ಆಗಲೇ ಒಂದು ಪಕ್ಷವನ್ನು ಸೇರಿಯಾಗಿದೆ.

ಮೊದಲಿಗೆ ಬಂಧುಗಳಿಗೆ ಒಂದು ಸಮಾಧಾನ. "ಮೇಷ್ಟರಾಗಿದ್ದವರು ಪೈಪಿನ ವಿಷಯ ಬರೆಯುವುದೇ?" ಎಂದು ಹುಬ್ಬೇರಿಸುವವರು ನಮ್ಮಲ್ಲಿದ್ದಾರೆ. ಹೊಗೆಸೊಪ್ಪು ಆರೋಗ್ಯಕ್ಕೆ ಹಾನಿಕರ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಅದೇ ಸೊಪ್ಪು ಬೆಳೆದು ಮನೆಯ ಮೇಲೆ ಮಹಡಿ ಕಟ್ಟಿಸಿದವರು ನನಗೆ ಉಪದೇಶ ಮಾಡುವುದು ಬೇಡ. ನಾನು ಬರೆಯುತ್ತಿರುವುದು ಸೇದುವುದರ ಬಗೆಗಲ್ಲ. ಮರದ ತುಂಡೊಂದನ್ನು ತಿರುಗುವ ಯಂತ್ರದಲ್ಲಿ ಹೇಗೆ ಹಿಡಿಯಬೇಕು ಎಂಬುದರ ಬಗೆಗೆ.

ಪೈಪಿಗೆ ಬಳಸುವ ಮರ ಬ್ರಯರ್. ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಗಿಡದ ಬುಡದಲ್ಲಿ ಕಟ್ಟುವ ಗಂಟು ಅದು. ಅದನ್ನು ಅಗೆದು ತೆಗೆದು, ಕೊಯ್ದು, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿದ ಮೇಲೆ ತುಂಡುಗಳಾಗಿ ಮಾರುತ್ತಾರೆ. ಫ್ರಾನ್ಸಿನ ಜೂರಾ ಪರ್ವತಸೀಮೆಯ ಸೇಂಟ್ ಕ್ಲೋಡ್ ಪಟ್ಟಣವು 19ನೆಯ ಶತಮಾನದ ಮಧ್ಯಭಾಗದಿಂದ ಈ ಮರದ ಪೈಪುಗಳಿಗೆ ಹೆಸರಾಯಿತು. ಇಂತಹ ಒಂದು ತುಂಡು ಕೆಟ್ಟರೆ ಇನ್ನೊಂದನ್ನು ತರಬಹುದು, ಆದರೆ ಅದೇ ಎಳೆಗಳ ವಿನ್ಯಾಸ ಮತ್ತೆ ಸಿಗುವುದಿಲ್ಲ.

ಈ ತುಂಡಿನಲ್ಲಿ ಮುಖ್ಯವಾಗಿ ಎರಡು ರಂಧ್ರಗಳನ್ನು ಕೊರೆಯಬೇಕು. ಒಂದು ಸೊಪ್ಪು ತುಂಬುವ ಬಟ್ಟಲು, ಸುಮಾರು 20 ಮಿ.ಮೀ. ಅಗಲ, ತಳ ದುಂಡಗೆ. ಇನ್ನೊಂದು ದಂಟಿನ ಕಡೆಯಿಂದ ಬರುವ ಹೊಗೆದಾರಿ, ಸುಮಾರು 4 ಮಿ.ಮೀ. ಈ ಎರಡನೆಯದು ಮೊದಲನೆಯದರ ತಳದ ನಟ್ಟನಡುವೆ ತೆರೆದುಕೊಳ್ಳಬೇಕು. ಮೇಲಕ್ಕೆ ತೆರೆದುಕೊಂಡರೆ ತಳದಲ್ಲಿ ಸೊಪ್ಪು ಉರಿಯದೆ ಒದ್ದೆಯಾಗಿ ಉಳಿಯುತ್ತದೆ. ಪಕ್ಕಕ್ಕೆ ಸರಿದರೆ ಒಂದು ಮಗ್ಗುಲು ಉರಿದು ಇನ್ನೊಂದು ಮಗ್ಗುಲು ಆರುತ್ತದೆ. ಪೈಪೆಂದರೆ ಇಷ್ಟೇ: ಒಂದು ಬಿಂದುವಿನಲ್ಲಿ ಸಂಧಿಸಬೇಕಾದ ಎರಡು ರೇಖೆಗಳು. ಹೊರಗಿನ ಅಂದಚಂದ ಆಮೇಲಿನ ಮಾತು.

ನನ್ನ ತರಗತಿಯಲ್ಲಿ ಕುಳಿತವರಿಗೆ ಒಂದು ಪಾಠ ನೆನಪಿರಬಹುದು. ಒಂದೇ ಸಮತಲದಲ್ಲಿರುವ ಎರಡು ರೇಖೆಗಳು ಸಮಾಂತರವಲ್ಲದಿದ್ದರೆ ಎಲ್ಲಿಯಾದರೂ ಸಂಧಿಸಲೇಬೇಕು. ಬೇರೆ ಬೇರೆ ಸಮತಲಗಳಲ್ಲಿರುವ ರೇಖೆಗಳಿಗೆ ಆ ಬಂಧನವಿಲ್ಲ. ಮೇಲ್ಸೇತುವೆಯ ರಸ್ತೆಯೂ ಅದರ ಕೆಳಗಿನ ರಸ್ತೆಯೂ ಸಮಾಂತರವಲ್ಲ, ಆದರೂ ಒಂದನ್ನೊಂದು ಮುಟ್ಟುವುದಿಲ್ಲ. ಪೈಪು ಕಡೆಯುವವನ ಕಷ್ಟವೆಲ್ಲ ಇಲ್ಲಿದೆ. ಎರಡು ರಂಧ್ರಗಳು ಒಂದೇ ಸಮತಲದಲ್ಲಿವೆಯೆಂದು ಯಾರು ಖಾತ್ರಿ ಕೊಡುತ್ತಾರೆ? ಕೊರೆಯುವವನ ಕಣ್ಣೋ, ಚಕ್ಕೋ?

ಈಗ ಪೀಣ್ಯದ ಶಿಷ್ಯನ ಮೂರು ದವಡೆಯ ಚಕ್ಕಿಗೆ ಬರೋಣ. (ಕಾರ್ಖಾನೆಯವರು 'ಜಾ' ಎನ್ನುವುದನ್ನು ನಾನು ದವಡೆ ಎನ್ನುತ್ತೇನೆ.) ಒಳಗಿನ ಸುರುಳಿಗಾಡಿಯ ತಟ್ಟೆ ತಿರುಗಿದಾಗ ಮೂರೂ ದವಡೆಗಳು ಸಮನಾಗಿ ನಡುವಿಗೆ ಸರಿಯುತ್ತವೆ. ದುಂಡು ಸರಳಿಗೆ, ಆರು ಮೂಲೆಯ ಸರಳಿಗೆ ಅದು ಅತ್ಯುತ್ತಮ. ಪೀಣ್ಯದಲ್ಲಿ ದಿನವಿಡೀ ಕಡೆಯುವುದು ಅವನ್ನೇ ಆದ್ದರಿಂದ ಅವನಿಗೆ ಜಗತ್ತೆಲ್ಲ ದುಂಡಗೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಬ್ರಯರ್ ತುಂಡು ಇಟ್ಟಿಗೆಯಂತೆ ಚಪ್ಪಟೆ. 120 ಡಿಗ್ರಿ ಅಂತರದಲ್ಲಿ ಕುಳಿತ ಮೂರು ದವಡೆಗಳಲ್ಲಿ ಒಂದಕ್ಕೆ ಮಾತ್ರ ಮರದ ಮೈ ಸಿಗುತ್ತದೆ, ಉಳಿದೆರಡಕ್ಕೆ ಸಿಗುವುದು ಅಂಚು. ಬಿಗಿ ಮಾಡಿದಷ್ಟೂ ಅಂಚು ನುಜ್ಜಾಗುತ್ತದೆ. ನುಜ್ಜಾದಷ್ಟೂ ಹಿಡಿತ ಸಡಿಲವಾಗುತ್ತದೆ. "ಇನ್ನಷ್ಟು ಬಿಗಿ ಮಾಡು" ಎಂಬ ಸಲಹೆ ಇಲ್ಲಿ ಪರಿಹಾರವಲ್ಲ, ಅಪಘಾತದ ಕಾರಣವೇ ಅದು.

ಅಮೆರಿಕದ ಅಂಗಡಿಯವನು ಶಿಷ್ಯನಿಗೆ ಇನ್ನೊಂದು ದಾರಿ ತೋರಿಸಿದ್ದಾನೆ: ನಾಲ್ಕು ದವಡೆಯ, ತಾನಾಗಿ ಕೇಂದ್ರಕ್ಕೆ ಬರುವ ಮರಗೆಲಸದ ಚಕ್ಕು, ಜೊತೆಗೆ ಹತ್ತು ಬಗೆಯ ದವಡೆಗಳ ಪೆಟ್ಟಿಗೆ. ಬೋಗುಣಿ ಕಡೆಯುವವರಿಗೆ ಇದು ವರವೇ ಸರಿ. ಚೌಕ ತುಂಡನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಹಿಡಿಯುವುದು ಒಂದೇ ಭಂಗಿಯಲ್ಲಿ. ದಂಟಿನ ಕಡೆ ಕೊರೆದ ಮೇಲೆ ಬಟ್ಟಲಿನ ಕಡೆಗೆ ತಿರುಗಿಸಲು ಪೂರ್ತಿ ಬಿಚ್ಚಿ ಮತ್ತೆ ಹಿಡಿಯಬೇಕು, ಹಾಗೆ ಹಿಡಿದಾಗಲೆಲ್ಲ ಸಮತಲ ತಪ್ಪುತ್ತದೆ. ಲೆಕ್ಕ ನೋಡಿ: 50 ಮಿ.ಮೀ. ಆಳಕ್ಕೆ ಕೊರೆಯುವಾಗ ಒಂದು ಡಿಗ್ರಿ ಓರೆಯಾದರೆ ತುದಿಯಲ್ಲಿ ಹತ್ತಿರ ಹತ್ತಿರ 0.9 ಮಿ.ಮೀ. ತಪ್ಪು, ಮೂರು ಡಿಗ್ರಿಯಾದರೆ 2.6 ಮಿ.ಮೀ. ರಂಧ್ರವಿರುವುದೇ 4 ಮಿ.ಮೀ.! ಇನ್ನು ಬಾಗಿದ ದಂಟಿನ ಪೈಪಾದರೆ ಎರಡು ರಂಧ್ರಗಳ ನಡುವಿನ ಕೋನ 90 ಡಿಗ್ರಿಯೂ ಅಲ್ಲ. ನಾಲ್ಕು ದವಡೆಗಳ ನಡುವೆ ಓರೆಯಾಗಿ ನಿಲ್ಲಿಸುವುದಕ್ಕೆ ಜಾಗವೆಲ್ಲಿದೆ?

ಎರಡು ದವಡೆಯ ಚಕ್ಕು ಮಾಡುವ ಕೆಲಸವೇ ಬೇರೆ. ತುಂಡಿನ ಎರಡು ಮಗ್ಗುಲುಗಳನ್ನು ಮೊದಲೇ ಸಮಾಂತರವಾಗಿ ಕೊಯ್ದುಕೊಂಡಿರಬೇಕು. ಅವನ್ನು ಎರಡು ಚಪ್ಪಟೆ ದವಡೆಗಳು ಆಚೀಚೆಯಿಂದ, ಅಂಗೈಗಳ ನಡುವೆ ಪುಸ್ತಕ ಹಿಡಿದಂತೆ, ಒತ್ತಿ ಹಿಡಿಯುತ್ತವೆ. ಎರಡೂ ಸಮನಾಗಿ ಸರಿಯುವುದರಿಂದ ತುಂಡಿನ ನಡುಸಮತಲ ಲೇತಿನ ಅಕ್ಷದ ಮೇಲೆಯೇ ಬರುತ್ತದೆ. ದಂಟಿನ ರಂಧ್ರ ಕೊರೆದು, ದವಡೆ ಸ್ವಲ್ಪ ಸಡಿಲಿಸಿ, ತುಂಡನ್ನು ಅಲ್ಲೇ ಬೇಕಾದ ಕೋನಕ್ಕೆ ತಿರುಗಿಸಿ ಮತ್ತೆ ಬಿಗಿದರೆ ಕೋನ ಬದಲಾಯಿತೇ ಹೊರತು ಸಮತಲ ಬದಲಾಗಲಿಲ್ಲ. ಎರಡೂ ರಂಧ್ರಗಳು ಆ ಒಂದೇ ಸಮತಲದಲ್ಲಿರಲೇಬೇಕು. ಆದ್ದರಿಂದ ಅವುಗಳ ರೇಖೆಗಳು ಸಂಧಿಸಲೇಬೇಕು. ಎಲ್ಲಿ ಸಂಧಿಸಬೇಕೆಂಬುದನ್ನು ಮಗ್ಗುಲಿನ ಮೇಲೆ ಪೆನ್ಸಿಲಿನಿಂದ ಎಳೆದ ಎರಡು ಗೆರೆಗಳು ಹೇಳುತ್ತವೆ. ಕಣ್ಣಿನ ಕೆಲಸವನ್ನು ಚಕ್ಕು ಮಾಡಿತು. ದವಡೆಗಳ ಸಂಖ್ಯೆ ಹೆಚ್ಚಿದಷ್ಟೂ ಉಪಕರಣ ಮೇಲೆಂದು ಎಣಿಸುವವರು ಇಕ್ಕಳಕ್ಕೇಕೆ ಎರಡೇ ಬಾಯಿ ಎಂದು ಯೋಚಿಸಲಿ.

ಚನ್ನಪಟ್ಟಣದ ಬೊಂಬೆ ಕಡೆಯುವವರನ್ನು ನೋಡಿದವರಿಗೆ ಇದು ಬೇಗ ತಿಳಿದೀತು. ಅಲ್ಲಿ ಆಲೆ ಮರದ ತುಂಡಿನ ಒಂದು ತುದಿಯನ್ನು ಟೊಳ್ಳು ಹಿಡಿಕೆಯೊಳಗೆ ಬಡಿದು ಕೂರಿಸಿದರೆ ಮುಗಿಯಿತು, ದವಡೆಯೇ ಬೇಡ. ಬೊಂಬೆಯ ಮೈ ದುಂಡು, ಅಕ್ಷ ಒಂದೇ. ವಸ್ತುವಿನ ಆಕಾರ ನೋಡಿ ಹಿಡಿಯುವ ಬಗೆಯನ್ನು ನಿಶ್ಚಯಿಸಿದರು ಆ ಕುಶಲಕರ್ಮಿಗಳು. ಅಂಗಡಿಯ ಪಟ್ಟಿ ನೋಡಿ ಅಲ್ಲ.

ಒಂದು ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಡೆನ್ಮಾರ್ಕಿನ ಸಿಕ್ಸ್‌ಟೆನ್ ಈವರ್ಸನ್ (1910–2001) ಮೊದಲು ಪೈಪಿನ ಆಕಾರವನ್ನು ರೂಪಿಸಿ ಆಮೇಲೆ ರಂಧ್ರ ಕೊರೆಯುವ ಪದ್ಧತಿಗೆ ಪ್ರಸಿದ್ಧನಾದವನು. ಅಲ್ಲಿ ಸಮಾಂತರ ಮಗ್ಗುಲುಗಳೂ ಇಲ್ಲ, ನನ್ನ ಪ್ರಮೇಯವೂ ಇಲ್ಲ. ಒಪ್ಪಿದೆ. ಆದರೆ ಅದು ಜೀವಮಾನವಿಡೀ ಪಳಗಿದ ಕಣ್ಣಿನ ಮಾತು. ಭಾನುವಾರದ ಕಸುಬಿನವನು ಅದನ್ನು ಅನುಕರಿಸಹೊರಟರೆ ಬ್ರಯರ್ ಮಾರುವವನಿಗೆ ಲಾಭ.

ಪೀಣ್ಯದವನ ಎರಡನೆಯ ವಾದ ಗಟ್ಟಿಯಾದದ್ದು: "ಮೇಷ್ಟ್ರೇ, ಎರಡು ದವಡೆಯ ನಡುವೆ ತುಂಡು ಬಾಗಿಲಿನ ತಿರುಗಣಿಯ ಹಾಗೆ ತಿರುಗಿಬಿಡುತ್ತದೆ." ನಿಜ. ಕಿರಿದಾದ ದವಡೆಯಾದರೆ ತಿರುಗೀತು. ಅದಕ್ಕೇ ದವಡೆ ಅಗಲವಾಗಿರಬೇಕು, ಕೊರೆಯುವ ರೇಖೆ ಅದರ ಅಗಲದೊಳಗೇ ಹಾಯಬೇಕು, ಮಗ್ಗುಲುಗಳು ನಯವಾಗಿ ಸಮಾಂತರವಾಗಿರಬೇಕು, ಬೈರಿಗೆಯನ್ನು ಅವಸರದಿಂದ ನೂಕಬಾರದು. ವೇಗವೂ ಕಡಿಮೆ ಇರಬೇಕು. ಅಕ್ಷದಿಂದ 30 ಮಿ.ಮೀ. ಆಚೆ ತೂಗುವ 100 ಗ್ರಾಂ ಮರ ನಿಮಿಷಕ್ಕೆ 1000 ಸುತ್ತಿನಲ್ಲಿ ಮೂರು ಕಿಲೋಗಿಂತ ಹೆಚ್ಚಿನ ಭಾರದಂತೆ ಹೊರಕ್ಕೆ ಜಗ್ಗುತ್ತದೆ. 2000 ಸುತ್ತಿನಲ್ಲಿ ಆರಲ್ಲ, ಹದಿಮೂರು ಕಿಲೋ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ ಎಂದು ಕಪ್ಪುಹಲಗೆಯ ಮೇಲೆ ಬರೆಸಿದ್ದೆ. ಗ್ಯಾರೇಜಿನಲ್ಲಿ ಅದು ಅಂಕದ ಪ್ರಶ್ನೆಯಲ್ಲ.

ಇನ್ನು ಖರ್ಚಿನ ಮಾತು. ಎರಡು ದವಡೆಯದೆಂದು ವಿಶೇಷವಾಗಿ ಮಾಡಿದ ಚಕ್ಕು ದುಬಾರಿಯಾದರೆ, ಆ ನಾಲ್ಕು ದವಡೆಯ ಚಕ್ಕನ್ನೇ ಕೊಳ್ಳಲಿ, ಹತ್ತು ಜೋಡಿಯ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬರಲಿ. ಎದುರುಬದುರಿನ ಎರಡು ಜಾರುಪಟ್ಟಿಗಳಿಗೆ ಮಾತ್ರ ಉದ್ದನೆಯ ಚಪ್ಪಟೆ ದವಡೆ ಕೂರಿಸಿ ಉಳಿದೆರಡನ್ನು ಬರಿದಾಗಿಡಲಿ. ಒಳಮೈಗೆ ತೊಗಲಿನ ಪಟ್ಟಿ ಅಂಟಿಸಿದರೆ ಮರಕ್ಕೆ ಗಾಯವಾಗದು. ಕೊಳ್ಳುವ ಮುನ್ನ ಲೇತಿನ ಸ್ಪಿಂಡಲ್ಲಿನ ಥ್ರೆಡ್ ನೋಡಲಿ. ಅಮೆರಿಕದ ಮರಗೆಲಸದ ಲೇತುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದು ಅಂಗುಲ ದಪ್ಪದ, ಅಂಗುಲಕ್ಕೆ 8 ಸುತ್ತಿನ ಥ್ರೆಡ್. ಯುರೋಪಿನಲ್ಲಿ 33 ಮಿ.ಮೀ.ನದು. ದವಡೆಗಳು ಚಕ್ಕಿನ ಅಂಚನ್ನು ಮೀರಿ ಹೊರಚಾಚಬಾರದು. ವಿದ್ಯುತ್ತು ಹಾಕುವ ಮುನ್ನ ಕೈಯಿಂದ ಒಂದು ಸುತ್ತು ತಿರುಗಿಸಿ, ಮೂಲೆ ಎಲ್ಲಿಯೂ ತಗಲುವುದಿಲ್ಲವೆಂದು ನೋಡಲಿ. ಬ್ರಯರಿನ ಧೂಳಿಗೆ ಮುಖಗವಸು ಸಾಲದು, ಮೂಗಿಗೂ ಬಟ್ಟಲುಗವಸು ಬೇಕು. ಮಗಳು ನೋಡಬೇಕೆಂದರೆ ಕಿಟಕಿಯ ಗಾಜಿನ ಆಚೆಯಿಂದ ನೋಡಲಿ.

ಪೀಣ್ಯದ ಶಿಷ್ಯನಿಗೆ ಇನ್ನೂ ಸಮಾಧಾನವಾಗಿರದಿದ್ದರೆ ಅವನಿಗೆ ನನ್ನದೊಂದು ಪಂಥ. ಬ್ರಯರ್ ಬೇಡ, ತೇಗದ ಹತ್ತು ತುಂಡುಗಳು ಸಾಕು. ತನ್ನ ಮೂರು ದವಡೆಯ ಚಕ್ಕಿನಲ್ಲಿ ಹಿಡಿದು ಒಂದೊಂದರಲ್ಲೂ ಎರಡೆರಡು ರಂಧ್ರ ಕೊರೆಯಲಿ. ಹತ್ತನ್ನೂ ನಟ್ಟನಡುವೆ ಗರಗಸದಿಂದ ಸೀಳಿ, ಸೀಳಿದ ಮೈಯ ಛಾಯಾಚಿತ್ರಗಳನ್ನು ನನಗೆ ಕಳುಹಿಸಲಿ. ಎಲ್ಲ ಹತ್ತನ್ನೂ ಕಳುಹಿಸಬೇಕು, ಚೆನ್ನಾಗಿ ಬಂದದ್ದನ್ನು ಮಾತ್ರವಲ್ಲ.